ತುರ್ಕಿಯ ಸೇಬು, ಕಾಶ್ಮೀರದ ಪೆಟ್ಟಿಗೆ

2025ರ ಮೇ ತಿಂಗಳಲ್ಲಿ ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಹಣ್ಣಿನ ವ್ಯಾಪಾರಿಗಳು ತುರ್ಕಿಯ ಸೇಬು ಕೊಳ್ಳುವುದನ್ನು ನಿಲ್ಲಿಸಿದರು. ಪಾಕಿಸ್ತಾನದ ವಿರುದ್ಧ ಭಾರತ ನಡೆಸಿದ ಸೇನಾ ಕಾರ್ಯಾಚರಣೆ ‘ಆಪರೇಷನ್ ಸಿಂಧೂರ’ದ ವೇಳೆ ತುರ್ಕಿ ಪಾಕಿಸ್ತಾನದ ಬೆನ್ನಿಗೆ ನಿಂತಿತ್ತು. 2023ರ ಭೂಕಂಪದಲ್ಲಿ ಅದೇ ದೇಶಕ್ಕೆ ಭಾರತ ‘ಆಪರೇಷನ್ ದೋಸ್ತ್’ ಹೆಸರಿನಲ್ಲಿ ನೆರವು ಕಳಿಸಿತ್ತು. ವ್ಯಾಪಾರಿಗಳು ಹಿಮಾಚಲ, ಉತ್ತರಾಖಂಡ, ಇರಾನ್‌ಗಳ ಹಣ್ಣಿನತ್ತ ತಿರುಗಿದರು.

ವ್ಯಾಪಾರಕ್ಕೂ ಮನಸ್ಸಾಕ್ಷಿ ಇದೆ ಎಂಬುದನ್ನು ಆ ತೀರ್ಮಾನ ತೋರಿಸಿತು. ಆದರೆ ಸಂಘರ್ಷದ ನಡುವೆ ವ್ಯಾಪಾರ ಮಾಡುವವರ ಹೊಣೆ ‘ಬೇಡ’ ಎನ್ನುವಲ್ಲಿಗೆ ಮುಗಿಯುವುದಿಲ್ಲ. ಕೊಳ್ಳುವಾಗ ಹೇಗೆ ಕೊಳ್ಳುತ್ತೇವೆ?

ಸೆಪ್ಟೆಂಬರ್ ಬಂತೆಂದರೆ ದೇಶದ ಮಂಡಿಗಳಲ್ಲಿ ಕಾಶ್ಮೀರದ ಸೇಬು ಇಳಿಯತೊಡಗುತ್ತದೆ. ಮರದ ಪೆಟ್ಟಿಗೆಯ ಮುಚ್ಚಳ ಎಬ್ಬಿಸಿದರೆ ಕಾಗದ, ಹುಲ್ಲು, ಅದರ ಮೇಲೆ ಸಾಲಾಗಿ ಕೆಂಪು ಡೆಲಿಷಿಯಸ್. ದೇಶದ ಸೇಬಿನಲ್ಲಿ ಸುಮಾರು ಮುಕ್ಕಾಲು ಪಾಲು ಅಲ್ಲಿಯದೇ.

ಆ ಪೆಟ್ಟಿಗೆ ಬರುವ ದಾರಿ ಸುಲಭದ್ದಲ್ಲ. 2019ರ ಆಗಸ್ಟ್‌ನಲ್ಲಿ ಜಮ್ಮು-ಕಾಶ್ಮೀರದ ವಿಶೇಷ ಸ್ಥಾನಮಾನ ರದ್ದಾದಾಗ ಕಣಿವೆಯಲ್ಲಿ ಫೋನುಗಳು ಬಂದ್ ಆದವು. ಕೊಯ್ಲಿನ ಹೊತ್ತಿಗೆ ಬೆಳೆಗಾರನಿಗೆ ಮಂಡಿಯ ದರ ಕೇಳುವುದೂ ಕಷ್ಟವಾಯಿತು. ಸರ್ಕಾರ ನಾಫೆಡ್ ಮೂಲಕ ಖರೀದಿಗಿಳಿಯಿತು. ಅಕ್ಟೋಬರ್‌ನಲ್ಲಿ ಶೋಪಿಯಾನ್‌ನಲ್ಲಿ ಹೊರ ರಾಜ್ಯಗಳ ಲಾರಿ ಚಾಲಕರು, ಪಂಜಾಬಿನ ಒಬ್ಬ ಸೇಬು ವ್ಯಾಪಾರಿ ಉಗ್ರರ ಗುಂಡಿಗೆ ಬಲಿಯಾದರು. 2025ರಲ್ಲಿ ಭೂಕುಸಿತದಿಂದ ಹೆದ್ದಾರಿ ಮುಚ್ಚಿ, ಲಾರಿಗಳಲ್ಲೇ ಹಣ್ಣು ಕೊಳೆಯಿತು. ಆಗ ಬಡ್ಗಾಮ್‌ನಿಂದ ದೆಹಲಿಗೆ ಪಾರ್ಸೆಲ್ ರೈಲು ಓಡಿಸಬೇಕಾಯಿತು.

ಇಂಥ ನೆಲದ ಬೆಳೆಗಾರನಿಗೆ ಚೌಕಾಶಿ ಮಾಡುವ ಬಲ ಎಲ್ಲಿಂದ ಬರಬೇಕು? ದಲಾಲರಿಂದ ಮುಂಗಡ ಪಡೆದ ಎಷ್ಟೋ ಮಂದಿ ಹಣ್ಣನ್ನು ಅವರಿಗೇ ಕಳಿಸಬೇಕು. ಬೆಳೆಗಾರರ ಅಸಹಾಯಕತೆ ನೋಡಿ ದರ ಇಳಿಸುವುದು ಅನ್ಯಾಯ.

ಉದ್ದಿಮೆಗಳು ಮಾನವ ಹಕ್ಕುಗಳನ್ನು ಗೌರವಿಸಬೇಕೆಂದು ವಿಶ್ವಸಂಸ್ಥೆ 2011ರಲ್ಲಿ ಮಾರ್ಗದರ್ಶಿ ತತ್ವಗಳನ್ನು ಒಪ್ಪಿತು. ಸಂಘರ್ಷವಿರುವ ಕಡೆ ಎಚ್ಚರ ಇನ್ನೂ ಹೆಚ್ಚಿರಬೇಕು ಎಂಬುದು ಅದರ ನಿಲುವು. ಭಾರತದಲ್ಲಿ ಮಾರುಕಟ್ಟೆ ಮೌಲ್ಯದಲ್ಲಿ ಷೇರುಪೇಟೆಯ ಮೊದಲ 1000 ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ವರದಿಯನ್ನು ಸೆಬಿಯ ನಿಯಮದಂತೆ ಕೊಡಲೇಬೇಕು. ಅಡತಿ ಅಂಗಡಿಗೆ ಈ ಕಟ್ಟುಪಾಡಿಲ್ಲ. ಅಲ್ಲಿ ನೀತಿ ಉಳಿಯುವುದು ತಕ್ಕಡಿಯಲ್ಲಿ, ಚೀಟಿಯಲ್ಲಿ, ಹೇಳಿದ ದಿನಕ್ಕೆ ಕೈಸೇರುವ ಹಣದಲ್ಲಿ.

ಮೇ ತಿಂಗಳಲ್ಲಿ ಒಗ್ಗಟ್ಟಾಗಿ ನಿಂತ ಪುಣೆಯ ವ್ಯಾಪಾರಿಗಳು ಸೇಬಿನ ಸುಗ್ಗಿಯಲ್ಲೂ ಹಾಗೆಯೇ ನಿಲ್ಲಲಿ. ಪ್ರತಿ ಚೀಟಿಯ ಮೇಲೆ ತೂಕ, ದರ, ಕಮಿಷನ್ ಮತ್ತು ಹಣ ಸಂದಾಯವಾಗುವ ದಿನಾಂಕವನ್ನು ಬರೆದು ಬೆಳೆಗಾರನಿಗೆ ತಲುಪಿಸಲಿ.