ಚಂದ್ರಹಾಸನ ಓಲೆ, ಮೇಜಿನ ಮೇಲಿನ ಕಂಪ್ಯೂಟರು

ಸೊರಬ ತಾಲ್ಲೂಕಿನ ಆನವಟ್ಟಿಗೆ ಹೋದವರು ಪಕ್ಕದ ಕುಬಟೂರಿಗೂ ಒಂದು ಸುತ್ತು ಹಾಕಿ ಬರಬೇಕು. ಸುಮಾರು 1100ರ ಹೊತ್ತಿನ ಕೈಟಭೇಶ್ವರ ದೇಗುಲ, ಅದರ ನುಣುಪಾದ ಕಡೆದ ಕಂಬಗಳು ಅಲ್ಲಿವೆ. ಅಲ್ಲಿ ಮಾತಿಗೆ ಕೂತರೆ ಕಂಬಗಳ ಜತೆಗೆ ಚಂದ್ರಹಾಸನೂ ಬರುತ್ತಾನೆ. ಇದೇ ಕುಂತಳನಗರ, ಅವನು ಆಳಿದ ಊರು ಎಂಬುದು ಇಲ್ಲಿನ ಪ್ರತೀತಿ.

ಲಕ್ಷ್ಮೀಶನ ಜೈಮಿನಿ ಭಾರತದಿಂದ, ಯಕ್ಷಗಾನದಿಂದ ಕಥೆ ಮನೆಮಾತು. ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಒಂದು ಓಲೆ ಬರೆದ. ಇದನ್ನು ತಂದವನಿಗೆ ‘ವಿಷವ’ ಕೊಡು ಎಂಬುದು ಅದರ ತಿರುಳು. ಓಲೆ ಕೊಟ್ಟದ್ದು ಚಂದ್ರಹಾಸನ ಕೈಗೇ. ದಾರಿ ನಡೆದು ದಣಿದ ಹುಡುಗ ಊರ ಹೊರಗಿನ ಉದ್ಯಾನದಲ್ಲಿ ನಿದ್ದೆ ಹೋದ. ಅಲ್ಲಿಗೆ ಬಂದ ಮಂತ್ರಿಯ ಮಗಳು ವಿಷಯೆ ಓಲೆ ಓದಿದಳು, ‘ವ’ ಇದ್ದ ಕಡೆ ‘ಯೆ’ ಮಾಡಿದಳು. ವಿಷ ಉಣ್ಣಬೇಕಾದವನು ಮದುವೆಯೂಟ ಉಂಡ.

ಕಥೆ ಕೇಳುವಾಗ ನಾವೆಲ್ಲ ವಿಷಯೆಯ ಪಕ್ಷ. ಒಂದು ಗಳಿಗೆ ದುಷ್ಟಬುದ್ಧಿಯ ಕಡೆ ನಿಂತು ನೋಡಿ. ಓಲೆ ಓದುವ ಅಧಿಕಾರ ಮದನನಿಗೆ ಮಾತ್ರ ಇತ್ತು, ತಿದ್ದುವ ಅಧಿಕಾರ ಯಾರಿಗೂ ಇರಲಿಲ್ಲ. ಆದರೆ ಆ ಅಧಿಕಾರವೆಲ್ಲ ಹೊತ್ತವನು ಎಚ್ಚರವಿರುವಷ್ಟು ಹೊತ್ತು. ಅವನು ಮಲಗಿದ, ಓಲೆ ಯಾರ ಕೈಗೆ ಸಿಕ್ಕಿತೋ ಅವರದಾಯಿತು. ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನ ಗತಿಯೂ ಇದೇ.

ಕಡತಗಳಿಗೆ ಅನುಮತಿ ಹಚ್ಚುವ ಪದ್ಧತಿ ಹಳೆಯದು. 1969ರ ಸುಮಾರಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚೀ ಕಟ್ಟತೊಡಗಿದ ಯೂನಿಕ್ಸ್ ವ್ಯವಸ್ಥೆಯ ಲೆಕ್ಕವೇ ಇಂದಿನ ಲಿನಕ್ಸ್‌ನಲ್ಲೂ ನಡೆಯುತ್ತಿದೆ. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಕೂಡಿದರೆ ಒಂದು ಅಂಕಿ. ಅಂಥ ಮೂರು ಅಂಕಿ ಸಾಲಾಗಿ: ಮೊದಲನೆಯದು ಒಡೆಯನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದವರಿಗೆ. 640 ಎಂದರೆ ಒಡೆಯ ಓದಿ ಬರೆಯಬಹುದು, ಗುಂಪಿನವರು ಬರೀ ಓದಬಹುದು, ಹೊರಗಿನವರಿಗೆ ಸೊನ್ನೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಇದನ್ನೇ ಇನ್ನೂ ಬಿಡಿಸಿ, ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ಅನುಮತಿ ಬರೆದಿಡುತ್ತದೆ.

ಇದರಲ್ಲೊಂದು ಸೋಜಿಗವಿದೆ. ಕಡತಕ್ಕೆ ಬರೆಯುವ ಅನುಮತಿ ಇಲ್ಲದವನೂ ಯೂನಿಕ್ಸ್‌ನಲ್ಲಿ ಆ ಕಡತವನ್ನು ಅಳಿಸಿಬಿಡಬಹುದು, ಅದು ಕೂತಿರುವ ಫೋಲ್ಡರಿಗೆ ಬರೆಯುವ ಅನುಮತಿ ಇದ್ದರೆ ಸಾಮಾನ್ಯವಾಗಿ ಸಾಕು. ಪತ್ರದ ಅಕ್ಷರ ತಿದ್ದುವಂತಿಲ್ಲ, ಪತ್ರವನ್ನೇ ಕಟ್ಟಿನಿಂದ ಕಿತ್ತೆಸೆಯಬಹುದು!

ಈ ಅಂಕಿಗಳನ್ನು ಜಾರಿ ಮಾಡುವವರು ಯಾರು? ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್. ಅದು ಬಾಗಿಲ ಬಂಟ. ಯಾರೇ ಕಡತ ಕೇಳಿದರೂ ಅಂಕಿ ನೋಡಿ ಬಿಡುತ್ತದೆ, ಇಲ್ಲವೇ ತಡೆಯುತ್ತದೆ. ಆದರೆ ಆ ಅಂಕಿ ಇರುವುದೂ ಅದೇ ಡಿಸ್ಕಿನಲ್ಲಿ, ಕಡತದ ಮೈಮೇಲೆ ಅಂಟಿಸಿದ ಚೀಟಿಯಂತೆ. ಕಂಪ್ಯೂಟರನ್ನು ಆರಿಸಿ, ಬೇರೊಂದು ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಸಿಕ್ಕಿಸಿ ಹಚ್ಚಿದಿರೋ, ಹಳೆಯ ಬಂಟ ಏಳುವುದೇ ಇಲ್ಲ. ಈಗ ಬಾಗಿಲಲ್ಲಿ ನಿಂತವನು ನಿಮ್ಮ ಬಂಟ. ಅವನಿಗೆ ನೀವೇ ದೊರೆ. ಎನ್‌ಟಿಎಫ್‌ಎಸ್ ಬರೆದಿಟ್ಟ ಹೆಸರುಗಳನ್ನು ಅವನು ಸಾಮಾನ್ಯವಾಗಿ ಕಣ್ಣೆತ್ತಿಯೂ ನೋಡುವುದಿಲ್ಲ.

ಪೆನ್‌ಡ್ರೈವ್‌ನಿಂದ ಹಚ್ಚದಂತೆ, ಕರ್ನೆಲ್‌ಗಿಂತ ಮೊದಲೇ ಏಳುವ ಬಯಾಸ್‌ಗೆ ಪಾಸ್‌ವರ್ಡ್ ಹಾಕಿದ್ದೀರಾ? ಪೆಟ್ಟಿಗೆಯ ಹಿಂದೆ ಎರಡು ತಿರುಪು. ಬಿಚ್ಚಿದರೆ ಪಕ್ಕದ ತಗಡು ಜಾರುತ್ತದೆ. ಒಳಗೆ ಎಂಟಾಣೆಯಷ್ಟಗಲದ ಒಂದು ಬ್ಯಾಟರಿ, ಅದರ ಮೇಲೆ ಸಿಆರ್2032 ಎಂದು ಅಚ್ಚಾಗಿರುತ್ತದೆ. ಹಳೆಯ ಎಷ್ಟೋ ಮದರ್‌ಬೋರ್ಡುಗಳಲ್ಲಿ ಅದನ್ನು ಸ್ವಲ್ಪ ಹೊತ್ತು ತೆಗೆದಿಟ್ಟರೆ ಪಾಸ್‌ವರ್ಡ್ ಮರೆತೇಹೋಗುತ್ತದೆ. ಅಷ್ಟೂ ಬೇಡವೆಂದರೆ ಡಿಸ್ಕಿನ ಎರಡು ಕೇಬಲ್ ಕಿತ್ತು, ಅದನ್ನೇ ಜೇಬಿಗಿಳಿಸಿ ನಡೆಯಬಹುದು. ಕೆಟ್ಟವನ ಕೈಗೆ ಅಡೆತಡೆಯಿಲ್ಲದೆ ಸಿಕ್ಕ ಕಂಪ್ಯೂಟರು ಇನ್ನು ನಿಮ್ಮದಲ್ಲ ಎಂಬ ಮಾತನ್ನು ಮೈಕ್ರೋಸಾಫ್ಟ್ 2000ದಲ್ಲೇ ಭದ್ರತೆಯ ಹತ್ತು ಅಳಿಯದ ನಿಯಮಗಳಲ್ಲಿ ಸೇರಿಸಿತ್ತು.

ಯಾರ ಕೈಯಲ್ಲಿ ಪುಸ್ತಕ ಇದೆಯೋ ಅವರದೇ ಅಧಿಕಾರ ಎಂಬುದು ರೈತನಿಗೆ ಹೊಸದಲ್ಲ. ಪಹಣಿ ಕೈಬರಹದ್ದಾಗಿದ್ದ ಕಾಲದಲ್ಲಿ ಅದು ಗ್ರಾಮಲೆಕ್ಕಿಗರ ಸುಪರ್ದಿಯಲ್ಲಿತ್ತು. ತನ್ನ ಹೊಲದ ದಾಖಲೆ ತಾನೇ ನೋಡಲೂ ರೈತ ಅವರನ್ನು ಹುಡುಕಬೇಕಿತ್ತು. ರಾಜ್ಯದ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಅನುಮತಿಗಳು ಬೇರೆಯಾದವು. ಓದುವುದು ಎಲ್ಲರಿಗೂ, ಶುಲ್ಕ ಕೊಟ್ಟು. ತಿದ್ದುವುದಕ್ಕೆ ಅಧಿಕಾರಿಯ ಬೆರಳಚ್ಚು ಬೇಕು. ಪಾಸ್‌ವರ್ಡ್ ಸಾಲದು, ಮನುಷ್ಯನೇ ಬಂದು ಕೂರಬೇಕು.

ಡಿಸ್ಕೇ ಕಳುವಾದರೆ? ಆಗ ಬಂಟನನ್ನು ನೆಚ್ಚಿ ಫಲವಿಲ್ಲ, ಓಲೆಯ ಬರಹವನ್ನೇ ಗೂಢ ಮಾಡಬೇಕು. ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಲಿನಕ್ಸ್‌ನಲ್ಲಿ ಲಕ್ಸ್ ಮಾಡುವುದು ಇದನ್ನೇ. ಡಿಸ್ಕಿಗೆ ಹೋಗುವ ಪ್ರತಿ ಅಕ್ಷರವೂ ಗೂಢಲಿಪಿಯಾಗಿ ಹೋಗುತ್ತದೆ. 128 ಬಿಟ್‌ನ ಕೀಲಿಯೊಂದನ್ನು ಊಹಿಸಬೇಕೆಂದರೆ ಇರುವ ಸಾಧ್ಯತೆಗಳು 340 ಬರೆದು ಮುಂದೆ 36 ಸೊನ್ನೆ ಇಟ್ಟಷ್ಟು.

ಆದರೂ ಇಲ್ಲಿ ನಿದ್ದೆಯದೇ ಕಾಟ. ಸ್ಲೀಪ್‌ಗೆ ಹಾಕಿದ ಕಂಪ್ಯೂಟರು ಕೀಲಿಯನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಮಲಗಿರುತ್ತದೆ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಧೂಳು ಊದುವ ಸ್ಪ್ರೇ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಮೆಮೊರಿ ಚಿಪ್ಪುಗಳನ್ನು ಮೈನಸ್ 50 ಡಿಗ್ರಿಗೆ ತಣಿಸಿದರು. ವಿದ್ಯುತ್ ತೆಗೆದ ಮೇಲೂ ನಿಮಿಷಗಟ್ಟಲೆ ಉಳಿದ ಕೀಲಿಯನ್ನು ಅವರು ಓದಿ ತೋರಿಸಿದರು. ಬೀಗ ಹಾಕಿದ ಕಂಪ್ಯೂಟರನ್ನು ಮನೆಗೆ ಹೋಗುವಾಗ ಪೂರ್ತಿ ಆರಿಸಿ ಎನ್ನುವುದು ಇದಕ್ಕೇ.

ಗೂಢ ಮಾಡಿದರೆ ಓದುವುದು ತಪ್ಪೀತು, ತಿದ್ದಿದ್ದು ತಿಳಿಯಬೇಕಲ್ಲ? ಇದಕ್ಕೆ ಹ್ಯಾಶ್ ಎಂಬ ಲೆಕ್ಕವಿದೆ. ಕಂಪ್ಯೂಟರಿನ ಯುಟಿಎಫ್-8 ಬರಹದಲ್ಲಿ ‘ವಿಷವ’ 12 ಬೈಟ್, ‘ವಿಷಯೆ’ 15 ಬೈಟ್. ವ ಹೋಗಿ ಯಕಾರ ಬಂತು, ಜತೆಗೆ ಎತ್ವವೊಂದು ಹೆಚ್ಚಾಯಿತು. ಈ ಎರಡು ಪದಗಳನ್ನು ಎಸ್‌ಎಚ್‌ಎ-256 ಎಂಬ ಹ್ಯಾಶ್ ಗಾಣಕ್ಕೆ ಹಾಕಿದರೆ ಹೊರಬರುವ 256 ಬಿಟ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಬೇರೆಯಾಗಿರುತ್ತವೆ. ದುಷ್ಟಬುದ್ಧಿ ಆ ಮೊತ್ತವನ್ನು ಬೇರೊಬ್ಬನ ಬಾಯಲ್ಲಿ ಹೇಳಿಕಳಿಸಿದ್ದರೆ ಮದನ ಓಲೆ ಬಿಚ್ಚಿದ ಕೂಡಲೇ ಹುಬ್ಬು ಗಂಟಿಕ್ಕುತ್ತಿದ್ದ. ಅವನ ಬಳಿ ಇದ್ದದ್ದು ಅಪ್ಪನ ಓಲೆಯೆಂಬ ನಂಬಿಕೆ ಒಂದೇ. ಮದುವೆ ಮಾಡಿಬಿಟ್ಟ.

ಇಷ್ಟೆಲ್ಲ ಓದಿ ಇಂದೇ ಬಿಟ್‌ಲಾಕರ್ ಹಾಕುವವರಿಗೆ ಒಂದು ಕಿವಿಮಾತು. ಅದು ನಿಮಗೆ 48 ಅಂಕಿಗಳ ಒಂದು ಮರುಗಳಿಕೆ ಕೀಲಿ ಕೊಡುತ್ತದೆ. ಮದರ್‌ಬೋರ್ಡ್ ಬದಲಿಸಿದ ದಿನ ಕಂಪ್ಯೂಟರು ಅದನ್ನು ಕೇಳುತ್ತದೆ, ಕಳೆದುಕೊಂಡಿದ್ದರೆ ನಿಮ್ಮ ಕಡತಕ್ಕೆ ನೀವೇ ಹೊರಗಿನವರು. ಆ ಅಂಕಿಗಳನ್ನು ಅದೇ ಕಂಪ್ಯೂಟರಿನಲ್ಲಿ ಉಳಿಸಬೇಡಿ, ಅದರ ಮೈಗೆ ಚೀಟಿ ಅಂಟಿಸಲೂಬೇಡಿ. ಕಾಗದದಲ್ಲಿ ಬರೆದು ಗಾಡ್ರೇಜ್ ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಕೆಳಗೆ ಇಡಿ. ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿರುತ್ತದೆ.