ಬಿಸಿಲಿಗೆ ಬರಬೇಕಾದ ಬಟ್ಟೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ಬೆಳೆಗಾರರಿಗೆ ಬಿಸಿಲಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋದ ಮೇಲೆ ಹುಳುಮನೆ ತೊಳೆದು, ಬ್ಲೀಚಿಂಗ್ ಪುಡಿಯ ನೀರು ಹೊಡೆದು, ತಟ್ಟೆ ಚಂದ್ರಿಕೆಗಳನ್ನೆಲ್ಲ ಅಂಗಳಕ್ಕೆ ತಂದು ಚೆನ್ನಾಗಿ ಒಣಗಿಸುತ್ತಾರೆ. ಹಾಲುತೊಂಡೆ, ಸಪ್ಪೆ ರೋಗ ಮುಂದಿನ ಬೆಳೆಗೆ ದಾಟಬಾರದೆಂಬ ಎಚ್ಚರ ಅದು. ನಾಡಿನ ಬಹುಪಾಲು ಮನೆಗಳಂತೆ ಈ ಮನೆಗಳಲ್ಲೂ ಮುಟ್ಟಿನ ಬಟ್ಟೆಗೆ ಮಾತ್ರ ಆ ಅಂಗಳ ಸಿಗಲಿಲ್ಲ. ಅದು ಬಚ್ಚಲ ಮೂಲೆಯಲ್ಲೋ, ಇನ್ನೊಂದು ಸೀರೆಯ ಅಡಿಯಲ್ಲೋ, ಹಸಿ ಆರುವ ಮೊದಲೇ ಸಂದಿಯೊಂದರಲ್ಲೋ ಅಡಗಿ ಕೂತಿತು. ಬಟ್ಟೆಗೆ ಕೊಳಕೆಂಬ ಹೆಸರು ತಂದದ್ದು ಆ ಕತ್ತಲು. ಒಗೆದು ಮತ್ತೆ ಬಳಸುವ ಬಟ್ಟೆ ಪ್ಯಾಡು ಈಗ ಹೊಸ ರೂಪದಲ್ಲಿ ಬಂದಿರುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅದನ್ನು ಎಲ್ಲಿ ಒಣಹಾಕುತ್ತೀರಿ ಎಂಬುದು.

ಹೊಸ ರೂಪ ಅಂದೆ. ಹಳೆ ಸೀರೆಯ ಮಡಿಕೆಗೂ ಇದಕ್ಕೂ ಇರುವ ಅಂತರ ಕೈಯಲ್ಲಿ ಹಿಡಿದರೆ ತಿಳಿಯುತ್ತದೆ. ಮೈಗೆ ತಾಗುವ ಕಡೆ ಮೆತ್ತನೆಯ ಹತ್ತಿ ಫ್ಲಾನೆಲ್, ಒಳಗೆ ಹೀರಿಕೊಳ್ಳಲು ಕೆಲವು ಪದರ ಬಟ್ಟೆ, ತಳದಲ್ಲಿ ಸೋರದಂತೆ ತಡೆಯುವ ತೆಳು ಲೇಪನದ ಬಟ್ಟೆ. ಎರಡು ಪಕ್ಕದ ರೆಕ್ಕೆಗಳನ್ನು ಒಳಉಡುಪಿನ ಕೆಳಗೆ ಮಡಚಿ ಪ್ರೆಸ್ ಬಟನ್ ಒತ್ತಿದರೆ ಜಾರುವುದಿಲ್ಲ. ಬಳಸಿದ ಪ್ಯಾಡನ್ನು ತಣ್ಣೀರಿನಲ್ಲೇ ನೆನೆಸಬೇಕು, ಬಿಸಿನೀರು ತಾಗಿದರೆ ರಕ್ತದ ಕಲೆ ನೂಲಿಗೆ ಕಚ್ಚಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ಸೋಪು ಹಾಕಿ ಒಗೆದು, ಸೋಪು ಉಳಿಯದಂತೆ ಜಾಲಿಸಿ, ಬಿಸಿಲಿಗೆ ಹಾಕಬೇಕು. ಪುದುಚೇರಿ ಬಳಿಯ ಆರೋವಿಲ್‌ನಲ್ಲಿ 2010ರಲ್ಲಿ ಶುರುವಾದ ಇಕೋಫೆಮ್ ಸಂಸ್ಥೆ ಸುತ್ತಲ ಹಳ್ಳಿಗಳ ಮಹಿಳೆಯರಿಂದ ಇಂಥ ಪ್ಯಾಡು ಹೊಲಿಸುತ್ತದೆ, ಬೆಂಗಳೂರಿನಲ್ಲೂ ತಯಾರಕರಿದ್ದಾರೆ. 2021ರಲ್ಲಿ ಭಾರತೀಯ ಮಾನಕ ಬ್ಯೂರೊ ಮರುಬಳಕೆಯ ಪ್ಯಾಡಿಗೆಂದೇ ಐಎಸ್ 17514 ಎಂಬ ಮಾನದಂಡ ತಂದಿತು. ಮನೆಯಲ್ಲಿ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುವ ಈ ಸೀಮೆಯ ಹೆಣ್ಣುಮಕ್ಕಳಿಗೆ ಇದು ಕೈಗೆಟುಕದ ವಿದ್ಯೆಯೇನಲ್ಲ.

ಬಟ್ಟೆಯಿಂದ ಸೋಂಕು ಬರುತ್ತದಲ್ಲ ಎಂಬ ಆಕ್ಷೇಪ ಬಲವಾದದ್ದು, ಅದನ್ನು ತಳ್ಳಿಹಾಕಬಾರದು. ಒಡಿಶಾದ ಎರಡು ಆಸ್ಪತ್ರೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಸಾಡುವ ಪ್ಯಾಡು ಬಳಸುವವರಿಗಿಂತ ಬಟ್ಟೆ ಬಳಸುವವರಲ್ಲೇ ಸೋಂಕು ಹೆಚ್ಚಾಗಿ ಕಂಡಿತ್ತು. ಆದರೆ ಅದೇ ರಾಜ್ಯದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಒಂದು ಹೆಜ್ಜೆ ಮುಂದೆ ಹೋಗಿ ನೋಡಿತು: ಬಟ್ಟೆಯನ್ನು ಮನೆಯೊಳಗೆ ಒಣಗಿಸುವವರಲ್ಲಿ, ಶೌಚಾಲಯದಲ್ಲಿ ಬಚ್ಚಿಡುವವರಲ್ಲಿ ಕ್ಯಾಂಡಿಡಾ ಶಿಲೀಂಧ್ರದ ಸೋಂಕು ಹೆಚ್ಚು. ಅಂದರೆ ರೋಗದ ಜಾಡು ಹಿಡಿದು ಹೋದರೆ ಕೊನೆಗೆ ಸಿಗುವುದು ನಾಚಿಕೆ. ನಮ್ಮ ಸರ್ಕಾರಿ ಲೆಕ್ಕ ಈ ವ್ಯತ್ಯಾಸ ಗುರುತಿಸುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಬಟ್ಟೆ ಬಳಸುವುದಾಗಿ ಹೇಳಿದ್ದಾರೆ. ಶುಚಿಯಾದ ವಿಧಾನಗಳ ಪಟ್ಟಿಯಲ್ಲಿ ಬಟ್ಟೆಗೆ ಜಾಗವಿಲ್ಲ. ಚೆನ್ನಾಗಿ ಒಗೆದು ಬಿಸಿಲಲ್ಲಿ ಒಣಗಿಸಿದರೂ ಅಷ್ಟೇ. ಬಳಸುವವರಿಗೆ ಸರಿಯಾದ ತಿಳಿವಳಿಕೆ ಕೊಡುವ ಬದಲು ತಪ್ಪಿತಸ್ಥ ಭಾವ ಕೊಟ್ಟಂತಾಯಿತು.

ಇನ್ನು ಬಿಸಾಡುವುದರ ಲೆಕ್ಕ. ತಿಂಗಳಿಗೆ 20 ಪ್ಯಾಡೆಂದರೆ ವರ್ಷಕ್ಕೆ 240, ಮೂವತ್ತೈದು ವರ್ಷಕ್ಕೆ 8,400. ಬಟ್ಟೆಯ ಪ್ಯಾಡು 75 ಸಲದ ಒಗೆತ ತಾಳಿದರೆ ಅಂಥ ಎಂಟು ಪ್ಯಾಡು 600ರ ಕೆಲಸ ಮಾಡುತ್ತವೆ. ಮೊದಲು ಕೊಡುವ ಹಣ ಹೆಚ್ಚಾದರೂ ಎರಡೂವರೆ ವರ್ಷಕ್ಕೆ ಹರಡಿಕೊಳ್ಳುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಬಳಸಿದ ಪ್ಯಾಡನ್ನು ಸುತ್ತಿ ಕೊಡಿ ಎಂದವು, ಸುತ್ತುವ ಚೀಲ ಒದಗಿಸಿ ಎಂದು ಕಂಪನಿಗಳಿಗೂ ಹೇಳಿದವು. ಆದರೆ ಕಸದ ಗಾಡಿ ಬಾರದ ಊರಿನಲ್ಲಿ ಸುತ್ತಿ ಯಾರಿಗೆ ಕೊಡುವುದು? ಪ್ಲಾಸ್ಟಿಕ್ ಪದರದ ಆ ಪ್ಯಾಡನ್ನು ಹಿತ್ತಿಲಲ್ಲಿ ಸುಟ್ಟರೆ ಹೊಗೆ ಮನೆಯವರಿಗೇ, ಚರಂಡಿಗೆ ಎಸೆದರೆ ರಾಮನಗರ, ಕನಕಪುರ ಹಾದು ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿಗೆ. ಊರಲ್ಲಿ ಕಸ ವಿಂಗಡಿಸುವ ಪೌರಕಾರ್ಮಿಕರ ಕೈಯನ್ನು ನೆನೆದರಂತೂ ಇದನ್ನು ಬರೀ ಪರಿಸರದ ಮಾತು ಎನ್ನಲಾಗದು.

ಇಷ್ಟಾದರೂ ಎಲ್ಲರೂ ನಾಳೆಯಿಂದಲೇ ಬಟ್ಟೆಗೆ ಬದಲಾಗಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಬೆಳಿಗ್ಗೆ ಅಡುಗೆ ಮುಗಿಸಿ ಗಾರ್ಮೆಂಟ್ಸ್ ಬಸ್ಸು ಹಿಡಿಯುವ ಹೆಣ್ಣುಮಗಳಿಗೆ ಪ್ಯಾಡು ಬದಲಿಸಲು ಹೋಗಿಬರುವ ಐದು ನಿಮಿಷವೂ ಲೆಕ್ಕದ್ದು. ಮನೆಗೆ ಬಂದ ಮೇಲೆ ಒಗೆಯುವ ಕೆಲಸವೂ ಅವಳ ತಲೆಗೇ. ಬಿಸಾಡುವ ಪ್ಯಾಡು ಎಷ್ಟೋ ಹೆಂಗಸರಿಗೆ ನಿಜವಾದ ಬಿಡುಗಡೆ ಕೊಟ್ಟಿದೆ. ಹಗಲು ಕೆಲಸದಲ್ಲಿ ಅದು, ರಾತ್ರಿ ಮತ್ತು ರಜೆಯ ದಿನ ಬಟ್ಟೆ ಎಂದು ಅರ್ಧ ಬದಲಾದರೂ ಬದಲಾವಣೆಯೇ. ಶಾಲೆಯ ಹುಡುಗಿಯರಿಗೆ ಶುಚಿ ಯೋಜನೆಯಲ್ಲಿ ಕೊಡುವ ಉಚಿತ ಪ್ಯಾಡು ನಿಲ್ಲಬಾರದು. ಮರುಬಳಕೆಯ ದಾರಿಯನ್ನು ರಾಜ್ಯ ಸರ್ಕಾರವೂ ಒಪ್ಪಿದೆ. 2023ರಲ್ಲಿ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಮುಟ್ಟಿನ ಕಪ್ಪನ್ನು ಪ್ರಾಯೋಗಿಕವಾಗಿ ಹಂಚಿತು. ಬಟ್ಟೆ ಪ್ಯಾಡನ್ನೂ ಹಂಚುವುದಾದರೆ ಅದರ ಜೊತೆಗೇ ಹಾಸ್ಟೆಲಿನ ಸ್ನಾನದ ಮನೆಗೆ ನೀರು ಬರಬೇಕು, ತಾರಸಿಯ ಬಾಗಿಲಿನ ಬೀಗ ತೆಗೆಯಬೇಕು, ಅಲ್ಲಿ ಮಧ್ಯಾಹ್ನದ ಬಿಸಿಲು ಬೀಳುವ ಕಡೆ ಇನ್ನೊಂದು ತಂತಿ ಕಟ್ಟಬೇಕು.