ಮೂರು ಸೇರಿನ ಕೊಳಗ

ಕಳೆದ ದೀಪಾವಳಿಗೆ ಅಟ್ಟ ಗುಡಿಸುವಾಗ ಮೊಮ್ಮಗ ಒಂದು ಮರದ ಪಾತ್ರೆ ಎತ್ತಿಕೊಂಡು ಬಂದ. ಒಳಗೆಲ್ಲ ಜೇಡರ ಬಲೆ. “ಅಜ್ಜ, ಇದೆಂತದು? ಹೂವಿನ ಕುಂಡವಾ?”

ಕೊಳಗ ಮಾರಾಯ, ಭತ್ತ ಅಳೆಯುವ ಕೊಳಗ. ಇದರ ಅಳತೆಯ ಸಲುವಾಗಿ ಜನ ಜೈಲಿಗೆ ಹೋಗಿದ್ದರು ಅಂದರೆ ಅವನು ನಂಬಲಿಲ್ಲ. ಮಕ್ಕಳೇ, ನೀವೂ ನಂಬಲಿಕ್ಕಿಲ್ಲ. ಕೇಳಿ.

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಆಗ ಗದ್ದೆ ಉಳುವವರು ಒಬ್ಬರು, ಜಮೀನಿನ ಒಡೆಯರು ಇನ್ನೊಬ್ಬರು. ಸುಗ್ಗಿಯಾದ ಮೇಲೆ ರೈತ ಗೇಣಿ ಭತ್ತವನ್ನು ಒಡೆಯರಿಗೆ ಅಳೆದು ಕೊಡಬೇಕು. ಕೊಳಗವೆಂದರೆ ಮೂರು ಸೇರು ಎಂಬುದು ರೈತರ ಲೆಕ್ಕ. ಒಡೆಯರ ಕೊಳಗ ಅದಕ್ಕಿಂತ ದೊಡ್ಡದು. ಅರ್ಧ ಸೇರು ಹೆಚ್ಚು ಎಂದೇ ಹಿಡಿಯಿರಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಹತ್ತು ಖಂಡುಗ ಗೇಣಿಗೆ ಎಷ್ಟು ಸೇರು ಹೆಚ್ಚಾಯಿತು? ನೂರು ಸೇರು! ಮಳೆಗಾಲದ ಗಂಜಿ ಅದು.

ಸಾಗರದ ಹತ್ತಿರದ ಕಾಗೋಡಿನ ಗೇಣಿದಾರರು, ಹೆಚ್ಚಿನವರು ದೀವರು, ಇದಕ್ಕೆ ಅಡ್ಡ ನಿಂತರು. ಎಚ್. ಗಣಪತಿಯಪ್ಪನವರು ರೈತರ ಸಂಘ ಕಟ್ಟಿದ್ದರು. ಒಡೆಯರು ಜಮೀನು ಬಿಡಿಸಿದರು. 1951ರ ಏಪ್ರಿಲ್ 18ರಿಂದ ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದರು, ಪೊಲೀಸರು ಹಿಡಿದೊಯ್ದರು, ಮತ್ತೆ ಇನ್ನೊಂದು ತಂಡ ಇಳಿಯಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಚಳವಳಿಯಲ್ಲಿ ದುಡಿದ ಆರಗದ ಶಾಂತವೇರಿ ಗೋಪಾಲಗೌಡರು ಮರುವರ್ಷ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ವಿಧಾನಸಭೆ ಸೇರಿದರು.

ಜಮೀನು ಮಾತ್ರ ಆಗಲೇ ಸಿಗಲಿಲ್ಲ. 1961ರ ಭೂಸುಧಾರಣಾ ಕಾಯಿದೆ ಬಹಳಮಟ್ಟಿಗೆ ಕಾಗದದಲ್ಲೇ ಉಳಿಯಿತು. ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ‘ಉಳುವವನೇ ಹೊಲದೊಡೆಯ’ ಎಂಬ ಮಾತಿಗೆ ಬಲ ಬಂತು. ಗೋಪಾಲಗೌಡರು ಅದನ್ನು ನೋಡಲಿಲ್ಲ. 1972ರಲ್ಲೇ ತೀರಿಕೊಂಡಿದ್ದರು.

ಆಗ ನಾನು ಎಂಟನೇ ಕ್ಲಾಸು. ಅಪ್ಪಯ್ಯನದು ಹೆಬ್ಬೆಟ್ಟು. ಏಳನೇ ನಂಬರ್ ಫಾರಂ ತುಂಬಿದವನು ನಾನೇ, ಸರ್ವೆ ನಂಬರ್ ಎರಡು ಸಲ ತಪ್ಪು ಬರೆದು ಬೈಸಿಕೊಂಡು. ಅಮ್ಮನಿಗೆ ಹೆದರಿಕೆ. “ಒಡೇರ ಮನೆ ಅನ್ನ ಉಂಡವರು ನಾವು. ನಾಳೆ ಕಷ್ಟ ಬಂದರೆ ಯಾರ ಬಾಗಿಲಿಗೆ ಹೋಗೋದು?” ಎನ್ನುತ್ತಿದ್ದರು.

ಪಹಣಿಯಲ್ಲಿ ಅಪ್ಪಯ್ಯನ ಹೆಸರಿರಲಿಲ್ಲ. ಗೇಣಿ ಚೀಟಿಯೂ ಇರಲಿಲ್ಲ. ಇದ್ದದ್ದು ಒಬ್ಬರೇ ಸಾಕ್ಷಿ, ನಾವು ದೊಡ್ಡಪ್ಪ ಎಂದೇ ಕರೆಯುತ್ತಿದ್ದ ಆಚೆಮನೆಯವರು. ಅವರಿಗೆ ಕೂಲಿ ಅದೇ ಒಡೆಯರ ಮನೆಯಲ್ಲಿ. ಬರುತ್ತಾರೋ ಇಲ್ಲವೋ ಎಂದು ಅಪ್ಪಯ್ಯ ರಾತ್ರಿಯಿಡೀ ಜಗಲಿಯಲ್ಲಿ ಕೂತಿದ್ದರು.

ಬಂದರು. ಭೂನ್ಯಾಯಮಂಡಳಿಯ ಎದುರು, “ಆ ಗದ್ದೆ ಉಳುವವರು ಇವರೇ, ನಾನು ಕಂಡಿದ್ದೇನೆ” ಎಂದಷ್ಟೇ ಹೇಳಿದರು. ಮಾರನೆಯ ದಿನದಿಂದ ಅವರಿಗೆ ಅಲ್ಲಿ ಕೆಲಸವಿಲ್ಲ.

ನಮಗೆ ಎರಡು ಎಕರೆ ಸಿಕ್ಕಿತು. ದೊಡ್ಡಪ್ಪನಿಗೆ ಏನೂ ಇಲ್ಲ. ಗೇಣಿದಾರರಲ್ಲವಲ್ಲ, ಬರೀ ಕೂಲಿ! ಅಂಥವರನ್ನು ಈ ಕಾಯಿದೆ ಅಷ್ಟಾಗಿ ಕಾಣಲಿಲ್ಲ. ಗೇಣಿ ಭತ್ತವನ್ನೇ ನಂಬಿದ್ದ ಒಂಟಿ ಹೆಂಗಸರೂ ಜಮೀನು ಕಳೆದುಕೊಂಡರು, ಅದನ್ನೂ ಹೇಳಬೇಕು.

ಮೊಮ್ಮಗ ಕೊಳಗ ಒರೆಸಿ, ಸೇರಿನಲ್ಲಿ ಅಕ್ಕಿ ಸುರಿದು ನೋಡಿದ. ಸರಿಯಾಗಿ ಮೂರು. ಅಪ್ಪಯ್ಯ ಬದುಕಿರುವವರೆಗೂ ಪ್ರತಿ ಸುಗ್ಗಿಗೆ ಮೊದಲ ಭತ್ತವನ್ನು ಇದರಲ್ಲೇ ದೊಡ್ಡಪ್ಪನ ಮನೆಗೆ ಅಳೆಯುತ್ತಿದ್ದರು, ಪ್ರತಿ ಕೊಳಗದ ಮೇಲೂ ಒಂದು ಬೊಗಸೆ ಹೆಚ್ಚಿಗೆ ಹಾಕಿ.